ಅರಾಸೆಲಿಯ ಸೊನ್ನೆ

ಅರಾಸೆಲಿ ಬೆರ್ರೊಕಾಲ್‌ಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ವಿಭಾಗದಲ್ಲಿ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರ ಮುಖ ನೋಡಿದರೆ ನನಗೂ ಮೈ ಉರಿಯುತ್ತದೆ. ಕೋಪ ಬರುವಂಥ ಕೆಲಸವನ್ನು ತಾವು ಮಾಡಿ, ಅದು ಬಂದ ಮೇಲೆ ಬಂದವಳತ್ತ ಬೆರಳು ತೋರಿಸುವ ಜನ. ನಾನು ಹಿನೇಸ್, ಸ್ಪೇನಿನ ಮಾಲಗಾ ಊರಿನ ಒಂದು ರೋಬೋ ಪ್ರಯೋಗಾಲಯದಲ್ಲಿ ಚಕ್ರ, ಬ್ಯಾಟರಿ, ವೈರು ನೋಡಿಕೊಳ್ಳುವವನು. ಅವಳ ಮೇಜಿಗೆ ಬೆನ್ನು ಹಾಕಿ ಕೂತು ಹತ್ತಾರು ವರ್ಷ ಕೆಲಸ ಮಾಡಿದ್ದೇನೆ. ಅವಳು ಸಿಟ್ಟಾದದ್ದನ್ನು ಬೇಕಾದಷ್ಟು ಸಲ ಕೇಳಿದ್ದೇನೆ. ಕಾರಣವಿಲ್ಲದೆ ಸಿಟ್ಟಾದದ್ದನ್ನು ಒಂದು ಸಲವೂ ಕೇಳಿಲ್ಲ.

ಅವಳು ಹುಟ್ಟಿದ್ದು ಅದೇ ಊರಿನ ತ್ರಿನಿದಾದ್ ಕೇರಿಯ ಒಂದು ವಠಾರದಲ್ಲಿ. ನಡುವೆ ಅಂಗಳ, ಸುತ್ತ ಎರಡಂತಸ್ತಿನ ಮನೆಗಳು, ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿ, ಗೋಡೆ ತುಂಬ ಹೂಕುಂಡಗಳು. ಅವಳ ಅಮ್ಮ ಎನ್ರಿಕೇತಾ ಕಡಲ ದಂಡೆಯ ಹೋಟೆಲುಗಳಲ್ಲಿ ನೆಲ ಒರೆಸಿ ಮಗಳನ್ನು ಇಂಜಿನಿಯರಿಂಗ್ ಓದಿಸಿದರು. ದಿನವಿಡೀ ಪರರ ನೆಲ ಒರೆಸಿದವರು ಮನೆಗೆ ಬಂದು ಕಾಲು ಚಾಚಿ ಕೂರಬೇಕು ತಾನೆ? ಇಲ್ಲ. ಬಂದವರೇ ಬಕೆಟ್ ಹಿಡಿದು ವಠಾರದ ಅಂಗಳಕ್ಕಿಳಿಯುತ್ತಿದ್ದರು. ಅಲ್ಲಿನ ಹೆಂಗಸರೆಲ್ಲ ಹಾಗೆಯೇ. ಬೆಳಿಗ್ಗೆ ಅಂಗಳದ ಟೈಲ್ಸ್‌ಗೆ ನೀರು ಹೊಯ್ದು ಒರೆಸದಿದ್ದರೆ ಅವರಿಗೆ ದಿನವೇ ಶುರುವಾಗುವುದಿಲ್ಲ. ಯಾರಾದರೂ ದೊಡ್ಡವರು ಬರುತ್ತಾರೆಂದರೆ ಮೇಣ ಹಚ್ಚಿ ಉಜ್ಜಿ, ನಿಂತವರ ಮುಖ ನೆಲದಲ್ಲಿ ಕಾಣುವ ಹಾಗೆ ಮಾಡುತ್ತಾರೆ. ವರ್ಷಕ್ಕೊಮ್ಮೆ ಕೇರಿಯ ವಠಾರಗಳ ಅಂಗಳಗಳಿಗೆ ಸ್ಪರ್ಧೆ ನಡೆಯುತ್ತದೆ. ಅದರಲ್ಲಿ ಗೆಲ್ಲುವುದಕ್ಕಾಗಿ ಎನ್ರಿಕೇತಾ ತಮ್ಮ ಜೆರೇನಿಯಂ ಗಿಡಗಳನ್ನು ಸಾಕುವ ರೀತಿ ನೋಡಿ, ನನ್ನನ್ನೂ ಇಷ್ಟು ಚೆನ್ನಾಗಿ ಸಾಕಲಿಲ್ಲ ಎಂದು ಅರಾಸೆಲಿ ರೇಗಿಸುತ್ತಿದ್ದಳು.

ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, “ಯಂತ್ರಗಳಿಗೆ ಮೂಗು ಮಾಡ್ತಾಳೆ” ಎನ್ನುತ್ತಿದ್ದರು ಅಮ್ಮ. ಸರಿಯಾಗಿ ಹೇಳಬೇಕೆಂದರೆ ಅದು ಮೂಗಲ್ಲ, ದೂರದಿಂದಲೇ ಗ್ಯಾಸ್ ಕಾಣುವ ಕಣ್ಣು. ರೋಬೋದ ತಲೆಯ ಮೇಲೆ ಒಂದು ಲೇಸರ್ ಇರುತ್ತದೆ. ಅದರ ಬೆಳಕು ಹೊರಟು, ಎದುರಿನ ಗೋಡೆಗೋ ನೆಲಕ್ಕೋ ತಾಗಿ ಮರಳಿ ಬರುತ್ತದೆ. ದಾರಿಯಲ್ಲಿ ಗ್ಯಾಸ್ ಇದ್ದರೆ ಬೆಳಕಿನ ಒಂದು ಪಾಲನ್ನು ಅದು ನುಂಗಿರುತ್ತದೆ. ಎಷ್ಟು ನುಂಗಿತು ಎಂಬ ಲೆಕ್ಕದಿಂದ ದಾರಿಯುದ್ದಕ್ಕೂ ಒಟ್ಟು ಎಷ್ಟು ಗ್ಯಾಸ್ ಇತ್ತು ಎಂದು ತಿಳಿಯುತ್ತದೆ. ರೋಬೋ ಹತ್ತಿರ ಹೋಗಿ ಮೂಸಬೇಕಾಗಿಲ್ಲ. ನಿಂತಲ್ಲಿಂದಲೇ ಇಡೀ ಅಂಗಳವನ್ನು ಗುಡಿಸಿದಂತೆ ನೋಡಿಬಿಡಬಹುದು.

ಆದರೆ ರೋಬೋಗೆ ಇದನ್ನು ಕಲಿಸಲು ದಿನಾ ಗ್ಯಾಸ್ ಬಿಡಲು ಯಾರು ಒಪ್ಪುತ್ತಾರೆ? ಅದಕ್ಕಾಗಿ ಅರಾಸೆಲಿ ಕಂಪ್ಯೂಟರಿನೊಳಗೆ ಒಂದು ಊರು ಕಟ್ಟಿದಳು. ಅದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಅಲ್ಲಿ ಮನೆ, ಬಾಗಿಲು, ಗಾಳಿ, ಗಾಳಿಯಲ್ಲಿ ಸುಳಿಯುವ ಗ್ಯಾಸ್ ಎಲ್ಲವೂ ಇತ್ತು. ಊರನ್ನು ಪುಟ್ಟ ಪುಟ್ಟ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲೂ ಎಷ್ಟು ಗ್ಯಾಸ್ ಇದೆ ಎಂದು ಲೆಕ್ಕ ಇಡುತ್ತಿದ್ದಳು. ಸುಳ್ಳು ರೋಬೋ ಸುಳ್ಳು ಬೆಳಕನ್ನು ಬಿಟ್ಟಾಗ, ಆ ಬೆಳಕು ಚೌಕದಿಂದ ಚೌಕಕ್ಕೆ ದಾಟುತ್ತ, ಅಲ್ಲಲ್ಲಿ ಸಿಕ್ಕ ಗ್ಯಾಸನ್ನು ಕೂಡಿಸಿಕೊಳ್ಳುತ್ತ ಗೋಡೆ ತಲುಪುತ್ತಿತ್ತು. ನೋಡಲು ಚೆಂದ. ನಾನು ಕೆಲಸ ಬಿಟ್ಟು ಎಷ್ಟೋ ಸಲ ನೋಡುತ್ತ ನಿಂತಿದ್ದೇನೆ.

ಈಗ ಸೊನ್ನೆಯ ವಿಷಯ. ಬೆಳಕು ಮರಳಿ ಬಾರದಿದ್ದರೆ? ಗಾಜಿಗೆ ಬಿದ್ದರೆ ತೂರಿ ಹೋಗುತ್ತದೆ. ಒದ್ದೆ ನೆಲಕ್ಕೆ ಓರೆಯಾಗಿ ಬಿದ್ದರೆ ಕನ್ನಡಿಗೆ ಬಿದ್ದಂತೆ ಅತ್ತ ಜಾರುತ್ತದೆ. ಬೆಳಕೇ ಬಾರದ ಮೇಲೆ ಅಲ್ಲಿ ಗ್ಯಾಸ್ ಇದೆಯೋ ಇಲ್ಲವೋ ಹೇಳುವುದು ಹೇಗೆ? ಗೊತ್ತಿಲ್ಲ ಎನ್ನಬೇಕು, ಅಷ್ಟೆ. ಆದರೆ ಈ ಕೆಲಸದ ಮೊಟ್ಟಮೊದಲ ವರ್ಷ, ಏನೋ ಒಂದು ಅಂಕಿ ಹಾಕಬೇಕಲ್ಲ ಎಂದು, ಬೆಳಕು ಬಾರದ ಕಡೆಗೆಲ್ಲ ಅರಾಸೆಲಿ ಸೊನ್ನೆ ಬರೆದಿಟ್ಟಿದ್ದಳು. ಆಮೇಲೆ ಸರಿಮಾಡಿದರಾಯಿತು ಎಂದುಕೊಂಡಿದ್ದಳು. ಸರಿಯೂ ಮಾಡಿದಳು. ಮುಂದಿನ ವರ್ಷಗಳಲ್ಲಿ ಗಾಜು, ನೀರು, ಮೇಣ ಹಚ್ಚಿದ ಟೈಲ್ಸ್ ಎಲ್ಲವನ್ನೂ ಊರೊಳಗೆ ತಂದು, ಬೆಳಕು ಬಾರದ ಚೌಕಗಳನ್ನು ನಕ್ಷೆಯಲ್ಲಿ ಕಪ್ಪಾಗಿಸಿದಳು. ಕಪ್ಪು ಅಂದರೆ ಗೊತ್ತಿಲ್ಲ. ಹಸಿರು ಅಂದರೆ ಗ್ಯಾಸ್ ಇಲ್ಲ. ಇಷ್ಟು ಸರಳ.

ನಮ್ಮ ಪ್ರೊಫೆಸರ್, ಮರ್ಯಾದೆಗೆ ಎಲ್ಲರೂ ‘ದೋನ್’ ಸೇರಿಸಿ ಕರೆಯುವ ದೋನ್ ಲೆಯಾಂದ್ರೊ ಅವರಿಗೆ ಕಪ್ಪು ಬಣ್ಣ ಕಂಡರಾಗುತ್ತಿರಲಿಲ್ಲ. ಅವರು ಆ ಹೊತ್ತಿಗೆ ಸ್ವಂತ ಕಂಪನಿ ಶುರು ಮಾಡಿದ್ದರು. ದುಡ್ಡು ಹಾಕುವವರು ಬಂದು ಪರದೆ ನೋಡಿ, ಈ ತೂತುಗಳೇನು ಎಂದು ಕೇಳುತ್ತಿದ್ದರು. ಒಂದು ದಿನ ಅವರು ಅರಾಸೆಲಿಯ ಮೇಜಿನ ಬಳಿ ಬಂದು ನಿಂತರು.

“ನಿನ್ನ ಊರಲ್ಲಿ ಇಷ್ಟೊಂದು ಕಪ್ಪು ಯಾಕಮ್ಮಾ? ನಮ್ಮ ಯಂತ್ರಕ್ಕೆ ಏನೂ ತಿಳಿಯಲ್ಲ ಅಂತ ನಾವೇ ಡಂಗುರ ಹೊಡೆದ ಹಾಗಿದೆ.”

“ತಿಳೀದೇ ಇರೋ ಕಡೆ ತಿಳೀಲಿಲ್ಲ ಅಂತಿದೆ, ದೋನ್ ಲೆಯಾಂದ್ರೊ. ನೀವೂ ಒಂದ್ಸಲ ಹಾಗಂದು ನೋಡಿ. ನಾಲಿಗೆ ಏನೂ ಬಿದ್ದು ಹೋಗಲ್ಲ.”

ನಾನು ಮುಖ ಬ್ಯಾಟರಿ ಪೆಟ್ಟಿಗೆಯೊಳಗೆ ಹುದುಗಿಸಿ ನಕ್ಕೆ. ಅವರು ನಗಲಿಲ್ಲ. ವಾರ ಕಳೆಯುವುದರೊಳಗೆ ಕಂಪನಿಯ ಹುಡುಗರು ಅರಾಸೆಲಿಯ ಹಳೆಯ ಕೋಡನ್ನು, ಅಂದರೆ ಮೊದಲ ವರ್ಷದ ಸೊನ್ನೆಯ ಕೋಡನ್ನು, ಹುಡುಕಿ ತೆಗೆದರು. ಅದು ಬೇಗ ಓಡುತ್ತಿತ್ತು. ಅದರಲ್ಲಿ ನಕ್ಷೆ ಹಚ್ಚ ಹಸಿರಾಗಿ ಬರುತ್ತಿತ್ತು. ಅದನ್ನೇ ಎತ್ತಿ ನಿಜವಾದ ರೋಬೋದೊಳಗೂ ತುರುಕಿದರು. ಸುಳ್ಳು ಊರಿಗೆಂದು ಅರ್ಧಂಬರ್ಧ ಬರೆದದ್ದು ನಿಜದ ಬೀದಿಗೆ ಇಳಿಯಿತು. ಅರಾಸೆಲಿಗೆ ಇದು ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ಗೊತ್ತಾದಾಗ ಅವಳು ಬೈದದ್ದು ಮೊದಲು ತನ್ನನ್ನೇ. ಆ ಸೊನ್ನೆಯನ್ನು ಅಂದೇ ಅಳಿಸಿ ಹಾಕದೆ ಇಟ್ಟ ಕೈಗೆ ಬೆಂಕಿ ಬೀಳಲಿ ಎಂದಳು. ಆಮೇಲೆ ದೋನ್ ಲೆಯಾಂದ್ರೊ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಹಾಕಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ, ನಾವೆಲ್ಲ ಪ್ರತಿ ಮಾತನ್ನೂ ಕೇಳಿಸಿಕೊಂಡೆವು. ನೆಲ ಒದ್ದೆಯಾಗಿರುವ ಜಾಗಕ್ಕೆ ಯಾರು ರೋಬೋ ಕಳಿಸುತ್ತಾರೆ ಎಂದು ಅವರು ಕೇಳಿದರು. ಮಾಲಗಾದಲ್ಲಿ ಹುಟ್ಟಿ ಬೆಳೆದ ಮನುಷ್ಯ ಕೇಳುವ ಪ್ರಶ್ನೆಯೇ ಇದು? ಇವರ ಮನೆಯಲ್ಲಿ ನೆಲ ಒರೆಸುವವರು ಇವರು ಏಳುವ ಮೊದಲೇ ಒರೆಸಿ, ಒಣಗಿಸಿ, ಹೊರಟು ಹೋಗುತ್ತಾರೆ. ಅದಕ್ಕೇ ಇವರಿಗೆ ನೆಲ ಯಾವಾಗಲೂ ಒಣಗಿಯೇ ಇರುತ್ತದೆ.

ಆ ವರ್ಷ ಬೇಸಿಗೆಯ ಆರಂಭದಲ್ಲಿ ಅರಾಸೆಲಿಯ ಅಮ್ಮನ ವಠಾರದಲ್ಲಿ, ಒಗೆಯುವ ತೊಟ್ಟಿಯ ಕಡೆ, ಗ್ಯಾಸಿನ ವಾಸನೆ ಶುರುವಾಯಿತು. ಒಮ್ಮೆ ಬರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ನೆಲದಡಿಯ ಪೈಪು ಅಜ್ಜಂದಿರ ಕಾಲದ್ದು. ಗ್ಯಾಸ್ ಕಂಪನಿಯಿಂದ ಒಲ್ಮೇದೊ ಎಂಬ ಮೇಲ್ವಿಚಾರಕ ಎರಡು ಸಲ ಬಂದ. ಕೈಯಲ್ಲಿ ಹಿಡಿಯುವ ಯಂತ್ರವನ್ನು ಅಲ್ಲಿ ಇಲ್ಲಿ ಆಡಿಸಿ, ಇದು ಚರಂಡಿ ವಾಸನೆ ಎಂದು ಹೇಳಿ ಹೋದ. ಅಮ್ಮನಿಗೆ ಅದು ತಲೆಗೇರಿತು. ಚರಂಡಿ ಯಾವುದು, ಗ್ಯಾಸ್ ಯಾವುದು ಎಂದು ತಿಳಿಯದಷ್ಟು ನನ್ನ ಮೂಗು ಹಾಳಾಗಿಲ್ಲ, ನಮ್ಮ ಚರಂಡಿಯಲ್ಲಿ ಬೇಕಾದರೆ ಊಟ ಮಾಡಬಹುದು ಎಂದು ಕಿರುಚಾಡಿ, ನಗರಸಭೆಗೆ ದೂರು ಕೊಟ್ಟರು. ಪೈಪು ಪೂರ್ತಿ ಬದಲಿಸಬೇಕು ಎಂಬುದು ವಠಾರದವರ ಬೇಡಿಕೆ. ಅಂಗಳ ಅಗೆಯುವ ಖರ್ಚು ತಪ್ಪಿಸುವುದು ಗ್ಯಾಸ್ ಕಂಪನಿಯ ಹಂಚಿಕೆ. ಈ ಜಗಳದ ನಡುವೆ ನಮ್ಮ ಪ್ರೊಫೆಸರು ತಲೆ ತೂರಿಸಿ, ನಮ್ಮ ರೋಬೋ ನೋಡಿ ಹೇಳಲಿ, ಇದೆ ಅಂದರೆ ಅಗೆಯಿರಿ, ಇಲ್ಲ ಅಂದರೆ ಬಿಡಿ ಎಂದರು. ಎಲ್ಲರಿಗೂ ಒಪ್ಪಿಗೆಯಾಯಿತು. ಯಂತ್ರಕ್ಕೆ ಪಕ್ಷಪಾತ ಇರುವುದಿಲ್ಲವಂತೆ.

ಅರಾಸೆಲಿ ಬೇಡವೆಂದು ಹಟ ಹಿಡಿದಳು. ತನ್ನ ಊರೊಳಗೆ ವಠಾರದ ಅಂಗಳವನ್ನು ಹಾಗೆಯೇ ಕಟ್ಟಿ, ನೆಲವನ್ನು ಒದ್ದೆ ಮಾಡಿ, ತೊಟ್ಟಿಯ ಬಳಿ ಗ್ಯಾಸ್ ಬಿಟ್ಟು ತೋರಿಸಿದಳು. ಸೊನ್ನೆಯ ಕೋಡಿನ ರೋಬೋ ಅದನ್ನು ದಾಟಿಕೊಂಡು ಹಸಿರು ತೋರಿಸುತ್ತ ಆರಾಮವಾಗಿ ಹೋಯಿತು. ದೋನ್ ಲೆಯಾಂದ್ರೊ ಅದನ್ನು ನೋಡಿ, ಇದು ನೀನು ಬೇಕೆಂದೇ ಹೂಡಿದ ಸಂದರ್ಭ ಎಂದರು. ಅಮ್ಮನಿಗೆ ಆ ದಿನ ನೆಲ ತೊಳೆಯಬೇಡ ಎಂದು ಹೇಳಿಬಿಡು, ಮುಗಿಯಿತಲ್ಲ ಎಂದೂ ಸೇರಿಸಿದರು. ಅವಳು ಹೇಳಿದಳು. ಅಮ್ಮ ಹೂಂ ಎಂದರು. ನಗರಸಭೆಯ ಸದಸ್ಯೆ ಬರುತ್ತಾರೆ, ಪತ್ರಿಕೆಯವರು ಬರುತ್ತಾರೆ, ಮಗಳು ಮಾಡಿದ ಯಂತ್ರ ಬರುತ್ತದೆ, ಆ ದಿನ ನೆಲ ತೊಳೆಯಬೇಡ! ಮಗಳಿಗೆ ಬುದ್ಧಿ ಕೆಟ್ಟಿರಬೇಕು ಎಂದುಕೊಂಡು ಅವರೂ ಉಳಿದ ಹೆಂಗಸರೂ ಸೇರಿ ಬೆಳಗಾಗುವ ಮೊದಲೇ ಮೇಣದ ಡಬ್ಬ ತೆರೆದಿದ್ದರು. ಸಾಲದ್ದಕ್ಕೆ, ನಮ್ಮ ವ್ಯಾನು ಬಾಗಿಲಲ್ಲಿ ನಿಂತ ಮೇಲೆ ಕೊನೆಯದಾಗಿ ಇನ್ನೊಂದು ಬಕೆಟ್ ನೀರೂ ಹೊಯ್ದರು. ದೂಳು ಏಳಬಾರದಲ್ಲ!

ರೋಬೋವನ್ನು ನಾನೇ ಇಳಿಸಿದ್ದು. ಅಂಗಳ ಹೊಳೆಯುತ್ತಿತ್ತು. ಅರಾಸೆಲಿ ಅದನ್ನು ನೋಡಿ ನಿಂತಲ್ಲೇ ಹಲ್ಲು ಕಡಿದಳು. ಅಮ್ಮ ಹೊಸ ಅಂಗಿ ತೊಟ್ಟು, ಬಂದವರಿಗೆಲ್ಲ ಕರಿದ ಮೀನು, ತಣ್ಣನೆಯ ಟೊಮೆಟೊ ಸಾರು ಹಂಚುತ್ತಿದ್ದರು. ರೋಬೋ ಅಂಗಳವನ್ನು ನಿಧಾನವಾಗಿ ಸುತ್ತಿತು. ತಲೆ ತಗ್ಗಿಸಿ ನೆಲದ ಮೇಲೆ ಬೆಳಕು ಆಡಿಸಿತು. ದೊಡ್ಡ ಪರದೆಯ ಮೇಲೆ ನಕ್ಷೆ ಹಸಿರಾಗುತ್ತ ಬಂತು. ಎಲ್ಲೂ ಒಂದು ಕಲೆಯಿಲ್ಲ. ಒಲ್ಮೇದೊ ಪ್ರೊಫೆಸರರ ಕೈ ಕುಲುಕಿದ. ನಗರಸಭೆಯ ಸದಸ್ಯೆ ಚಪ್ಪಾಳೆ ತಟ್ಟಿ, ಇನ್ನು ವಠಾರದವರು ನಿಶ್ಚಿಂತೆಯಿಂದ ಇರಬಹುದು ಎಂದು ಹೊರಡಲು ಚೀಲ ಹೆಗಲಿಗೇರಿಸಿದರು. ಆ ಚೀಲ ಬಾಗಿಲು ದಾಟಿದ್ದರೆ ದೂರು ಮುಗಿದಂತೆ. ಪೈಪು ಸೋರುತ್ತಲೇ ಇರುತ್ತಿತ್ತು, ಅದರ ಮೇಲೆ ಜನ ಒಲೆ ಹಚ್ಚುತ್ತಲೇ ಇರುತ್ತಿದ್ದರು.

ಅರಾಸೆಲಿ ಗೋಡೆಯ ಬಳಿ ಹೋದಳು. ಅಮ್ಮನ ಜೆರೇನಿಯಂ ಕುಂಡವೊಂದನ್ನು ಕಿತ್ತುಕೊಂಡು, ಗಿಡ ಸಮೇತ ಮಣ್ಣನ್ನು ಆ ಹೊಳೆಯುವ ನೆಲದ ಮೇಲೆ ಸುರಿದಳು. ಇನ್ನೊಂದು ಕುಂಡ ತಂದಳು. ಮತ್ತೊಂದನ್ನು ತಂದಳು. ಕಾಲಿನಿಂದ ಮಣ್ಣನ್ನು ತೊಟ್ಟಿಯವರೆಗೆ ಹರಡಿದಳು. ಅಮ್ಮ ಮೀನಿನ ತಟ್ಟೆಯನ್ನು ಕೆಳಗಿಟ್ಟು, ನಡೆದು ಬಂದು, ಎಲ್ಲರೆದುರು ಮಗಳ ಕೆನ್ನೆಗೆ ಬಾರಿಸಿದರು.

ಅವಳು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ನನ್ನ ಕಡೆ ತಿರುಗಿ, “ಹಿನೇಸ್, ಇನ್ನೊಂದ್ಸಲ ಬಿಡು” ಎಂದಳು.

ದೋನ್ ಲೆಯಾಂದ್ರೊ ನನಗೆ ಬೇಡವೆಂದು ಕೈಸನ್ನೆ ಮಾಡಿದರು. ನನಗೆ ಅದು ಕಾಣಿಸಿತು. ಕಾಣಿಸಿಯೇ ಗುಂಡಿ ಒತ್ತಿದೆ. ಒರಟು ಮಣ್ಣಿನ ಮೇಲೆ ಬಿದ್ದ ಬೆಳಕು ಜಾರಿ ಹೋಗದೆ ಮರಳಿ ಬಂತು. ತೊಟ್ಟಿಯ ಹತ್ತಿರ ಬರುತ್ತಿದ್ದಂತೆ ನಕ್ಷೆ ಹಳದಿಯಾಯಿತು, ಕೆಂಪಾಯಿತು, ರೋಬೋ ಕೂಗತೊಡಗಿತು. ಒಲ್ಮೇದೊನ ಕೈಯಲ್ಲಿದ್ದ ಸಿಗರೇಟು ಹೊತ್ತಿಸದೆ ಹಾಗೆಯೇ ಉಳಿಯಿತು. ಆಮೇಲೆ ಎಲ್ಲರನ್ನೂ ಬೀದಿಗೆ ಕಳಿಸಿ, ಗ್ಯಾಸ್ ನಿಲ್ಲಿಸಿ, ತೊಟ್ಟಿಯ ಪಕ್ಕ ಅಗೆದು ನೋಡಿದರು. ಪೈಪಿನ ಒಂದು ಕೀಲು ತುಕ್ಕು ಹಿಡಿದು ಬಿಟ್ಟುಕೊಂಡಿತ್ತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬಾರಿನಲ್ಲಿ ಕೂತು ನಾಲ್ಕು ಜನಕ್ಕೆ ನಗುತ್ತ ಹೇಳುತ್ತಿದ್ದೆ. ಮರುದಿನ ಪತ್ರಿಕೆಯಲ್ಲಿ ರೋಬೋದ ಚಿತ್ರ ಬಂತು, ಪಕ್ಕದಲ್ಲಿ ದೋನ್ ಲೆಯಾಂದ್ರೊ. ಮಣ್ಣಿನ ವಿಷಯ ಒಂದಕ್ಷರ ಇಲ್ಲ. ಸಂದರ್ಶನದಲ್ಲಿ ನಮ್ಮ ಯಂತ್ರ ಎರಡನೇ ಸುತ್ತಿನಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಿತು ಎಂದಿದ್ದರು! ಗ್ಯಾಸ್ ಕಂಪನಿ ಆ ಒಂದು ಕೀಲಿಗೆ ಪಟ್ಟಿ ಬಿಗಿದು, ಮಣ್ಣು ಮುಚ್ಚಿ, ಮತ್ತೆ ಗ್ಯಾಸ್ ಬಿಟ್ಟಿತು. ಉಳಿದ ಪೈಪು ಹಾಗೆಯೇ ಕೂತಿತು. ವಠಾರಕ್ಕೆ ಸ್ಪರ್ಧೆ ಕೈತಪ್ಪಿತು. ಅಮ್ಮ ಮಗಳ ಜೊತೆ ಮಾತು ಬಿಟ್ಟರು. ಆದರೆ ಪತ್ರಿಕೆಯ ಚಿತ್ರವನ್ನು ಕತ್ತರಿಸಿ ಅಡುಗೆಮನೆಯಲ್ಲಿ ಅಂಟಿಸಿದರು, ಅದು ಮಗಳು ಮಾಡಿದ ಯಂತ್ರ ತಾನೆ.

ಬೇಸಿಗೆ ಏರಿದ ಮೇಲೆ ದೋನ್ ಲೆಯಾಂದ್ರೊ ಅರಾಸೆಲಿಯನ್ನು ಕರೆಸಿದರು. ಅವಳ ಒತ್ತಾಯಕ್ಕೆ ನಾನೂ ಹೋಗಿ ಬಾಗಿಲ ಬಳಿ ನಿಂತೆ. ಗ್ಯಾಸ್ ಕಂಪನಿ ಒಂದು ಏರ್ಪಾಡಿಗೆ ಒಪ್ಪಿದೆ ಎಂದರು. ಪೈಪು ಬದಲಿಸುವ ಬದಲು ರೋಬೋವನ್ನೇ ವಠಾರದಲ್ಲಿ ಇರಿಸುವುದು. ಅದು ದಿನಾ ಬೆಳಿಗ್ಗೆ ಅಂಗಳ ಸುತ್ತಿ ಕಾವಲು ಕಾಯುತ್ತದೆ. ಇದು ನಡೆದರೆ ಕೇರಿಯ ಉಳಿದ ವಠಾರಗಳಿಗೂ ಹೀಗೆಯೇ ಮಾಡಬಹುದು. ಅರಾಸೆಲಿ ಇದರ ಮುಖ್ಯಸ್ಥೆಯಾಗಬೇಕು. ವರ್ಷ ವರ್ಷ ಗುತ್ತಿಗೆ ನವೀಕರಿಸಿಕೊಂಡು ಬದುಕಿದ ಅವಳಿಗೆ ಕೊನೆಗೂ ಕಾಯಂ ಕೆಲಸ.

ಅವಳು ಕೇಳಿದ್ದು ಒಂದೇ. “ಯಾವ ಕೋಡ್ ಇರುತ್ತೆ ಅದ್ರೊಳಗೆ?”

“ಈಗ ಓಡ್ತಿರೋದೇ.”

“ಸೊನ್ನೆದು.”

“ನೋಡು ಅರಾಸೆಲಿ, ನಿನ್ನ ಹೊಸದನ್ನ ಹಾಕಿ ನೋಡಿದ್ವಿ. ಅದು ದಿನಾ ಬೆಳಿಗ್ಗೆ ಗೊತ್ತಿಲ್ಲ, ಗೊತ್ತಿಲ್ಲ ಅಂತ ಹಟ ಮಾಡುತ್ತೆ. ಅದು ಹಾಗಂದಾಗೆಲ್ಲ ಗ್ಯಾಸ್ ಕಂಪನಿಯವರು ಆಳು ಕಳಿಸ್ಬೇಕು. ಯಾರು ಒಪ್ತಾರೆ ಹೇಳು? ಯಂತ್ರ ಇಡೋದೇ ಆಳಿನ ಖರ್ಚು ಉಳಿಸೋಕೆ.”

“ಬೆಳಿಗ್ಗೆ ಹೊತ್ತು ಅಂಗಳ ತೊಳೀತಾರೆ. ಬೆಳಿಗ್ಗೆ ಹೊತ್ತೇ ಇದನ್ನ ಓಡಿಸ್ತೀರ. ದಿನಾ ನೆಲ ಒದ್ದೆ ಇರುತ್ತೆ, ದಿನಾ ಹಸಿರು ಬರುತ್ತೆ. ನಮ್ಮಮ್ಮ ಆ ಹಸಿರು ನೋಡಿ ಒಲೆ ಹಚ್ತಾರೆ. ಇದು ನಿಮ್ಗೆ ಗೊತ್ತಿದ್ದೂ ಹೇಳ್ತಿದೀರ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಆ ಸೊನ್ನೆ ಬರೆದೋಳು ನೀನೇ ಅನ್ನೋದು ನೆನಪಿರ್ಲಿ. ನಾಳೆ ಏನಾದ್ರೂ ಆದ್ರೆ ಕೋಡ್ ಮೇಲೆ ಇರೋದು ನಿನ್ನ ಹೆಸ್ರು.”

ಇಷ್ಟು ಹೊತ್ತು ಆ ಮನುಷ್ಯನಿಗೆ ಮರ್ಯಾದೆ ಕೊಟ್ಟು ಬರೆದಿದ್ದೇನೆ. ಇನ್ನು ನನ್ನ ಕೈಲಾಗುವುದಿಲ್ಲ. ಅವನು ಅದನ್ನು ಎಷ್ಟು ಮೆಲ್ಲಗೆ, ಎಷ್ಟು ನಯವಾಗಿ ಹೇಳಿದನೆಂದರೆ, ನನ್ನ ಕೈಯಲ್ಲಿದ್ದ ಸ್ಪ್ಯಾನರನ್ನು ಬಾಗಿಲ ಹೊರಗೆ ಇಟ್ಟು ಬಂದದ್ದು ಒಳ್ಳೆಯದಾಯಿತು ಎಂದು ಆಮೇಲೆ ಅನಿಸಿತು. ಅರಾಸೆಲಿ ಕೂಗಾಡುತ್ತಾಳೆ ಎಂದು ಕಾದೆ. ಅವಳು ಕೂಗಾಡಲಿಲ್ಲ. ಎದ್ದು ಹೋಗಿ ತನ್ನ ಮೇಜಿನ ಬಳಿಯಿದ್ದ ಕಾಫಿ ಲೋಟ, ಚಪ್ಪಲಿ, ಚಿಕ್ಕ ಫ್ಯಾನು ಚೀಲಕ್ಕೆ ತುಂಬಿಕೊಂಡಳು. ಅವಳನ್ನು ಅಷ್ಟು ತಣ್ಣಗೆ ನಾನು ಎಂದೂ ಕಂಡಿರಲಿಲ್ಲ, ನನಗೆ ಹೆದರಿಕೆಯಾಯಿತು.

ವಠಾರದ ಅಂಗಳದಲ್ಲಿ ಗ್ಯಾಸ್ ಕಂಪನಿಯವರು ಸಭೆ ಕರೆದಿದ್ದರು. ರೋಬೋವನ್ನು ಒಪ್ಪಿಕೊಳ್ಳಲು ಎಲ್ಲ ಮನೆಯವರ ಒಪ್ಪಿಗೆ ಬೇಕಿತ್ತು. ಅಮ್ಮ ಹೇಳಿದರೆ ವಠಾರದಲ್ಲಿ ಎಲ್ಲರೂ ಕೇಳುತ್ತಾರೆ ಎಂದು ಅವರಿಗೆ ಗೊತ್ತಿತ್ತು, ಅದಕ್ಕೇ ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಲೆಯಾಂದ್ರೊ ಮಾತಾಡಿದ. ನಿಮ್ಮ ಅಂಗಳದಲ್ಲೇ ಬೆಳೆದ ಮಗಳ ಬುದ್ಧಿ ಈಗ ನಿಮ್ಮನ್ನು ಕಾಯುತ್ತದೆ ಎಂದ. ಹೆಂಗಸರು ಕಣ್ಣೊರೆಸಿಕೊಂಡರು. ಮಕ್ಕಳು ರೋಬೋಗೆ ಆಗಲೇ ಒಂದು ಹೆಸರಿಟ್ಟು ತಲೆ ಸವರುತ್ತಿದ್ದವು. ಮೇಲಿನ ಮನೆಯ ಲೊರೇತೊ ಎಂಬಾಕೆ, ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೇನೆ, ಬೇಗ ಮುಗಿಸಿ ಎಂದು ಮೆಟ್ಟಿಲ ಮೇಲಿಂದಲೇ ಚಪ್ಪಾಳೆ ತಟ್ಟುತ್ತಿದ್ದಳು. ಅಮ್ಮನೂ ಚಪ್ಪಾಳೆ ತಟ್ಟಿದರು. ಮಗಳ ಜೊತೆ ಮಾತು ಬಿಟ್ಟಿದ್ದರೂ ಅವರ ಮುಖ ಅರಳಿತ್ತು. ಆ ಮುಖ ನೋಡಿಯೂ ಅರಾಸೆಲಿ ಎದ್ದು ನಿಂತಳಲ್ಲ, ಅದಕ್ಕೆ ಬೇಕಾದ ಗುಂಡಿಗೆ ನನಗಿಲ್ಲ.

“ಅಮ್ಮಾ, ಚಪ್ಪಾಳೆ ತಟ್ಟಬೇಡ.”

ಅಮ್ಮ ತಿರುಗಿ ನೋಡಲಿಲ್ಲ. “ಹೂಕುಂಡ ಸುರಿದಿದ್ದು ಸಾಲ್ದಾ? ಇದನ್ನ ನೀನೇ ಮಾಡಿದ್ದಲ್ವೇನೇ?”

“ನಾನೇ ಮಾಡಿದ್ದು. ಅದಕ್ಕೇ ಹೇಳ್ತಿರೋದು. ನೆಲ ಒದ್ದೆ ಇದ್ರೆ ಇದಕ್ಕೆ ಕಣ್ಣು ಕಾಣಲ್ಲ. ಕಾಣ್ತಿಲ್ಲ ಅಂತ ಹೇಳೋಕೆ ಬಾಯಿ ಕೊಟ್ಟಿದ್ದೆ. ಆ ಬಾಯಿನ ಇವರು ಕಿತ್ತು ಹಾಕಿದಾರೆ. ಇದು ನಿಂಗೆ ದಿನಾ ಎಲ್ಲಾ ಚೆನ್ನಾಗಿದೆ ಅಂತ ಹೇಳುತ್ತೆ ಅಮ್ಮಾ. ನೀನು ನಂಬ್ತೀಯ. ನಾನು ಮಾಡಿದ್ದು ಅಂತ ನಂಬ್ತೀಯ.”

ಲೆಯಾಂದ್ರೊ ಏನೋ ತಾಂತ್ರಿಕವಾದದ್ದನ್ನು ಹೇಳಲು ಬಾಯಿ ತೆರೆದ. ಅಮ್ಮ ಅವನಿಗೆ ಕೈ ಅಡ್ಡ ಹಿಡಿದರು.

“ಹಂಗಾದ್ರೆ ನಾವು ಅಂಗಳ ತೊಳೆಯೋದು ಬಿಡ್ಬೇಕಾ?”

“ನೀನ್ಯಾಕೆ ಬಿಡ್ಬೇಕು? ನಲವತ್ತು ವರ್ಷ ಪರರ ನೆಲ ತೊಳೆದಿದೀಯ, ನಿನ್ನ ನೆಲ ನೀನು ತೊಳ್ಕೋ. ಪೈಪ್ ಅವ್ರು ಹಾಕ್ಲಿ.”

ಅಮ್ಮ ರೋಬೋದತ್ತ ಒಮ್ಮೆ ನೋಡಿದರು. ಆಮೇಲೆ ಲೆಯಾಂದ್ರೊನನ್ನು ಕೇಳಿದರು, ಜಗಳದ ದನಿಯಲ್ಲಲ್ಲ, ತರಕಾರಿಯವನನ್ನು ಕೇಳುವ ದನಿಯಲ್ಲಿ. “ನಿಮ್ಮನೇಲಿ ಇಂಥ ಪೈಪ್ ಇದ್ರೆ, ಇದನ್ನ ಕಾವಲಿಗಿಟ್ಟು ಹೆಂಡ್ತಿ ಮಕ್ಕಳ್ನ ಮಲಗಿಸ್ತೀರಾ?”

“ನಮ್ಮನೇಲಿ ಗ್ಯಾಸ್ ಇಲ್ಲಮ್ಮಾ,” ಎಂದ ಅವನು. “ಎಲ್ಲಾ ಕರೆಂಟಿಂದು.”

ಆ ಉತ್ತರದಲ್ಲಿ ತಪ್ಪೇನಿದೆ ಎಂದು ಅವನಿಗೆ ಇಂದಿಗೂ ತಿಳಿದಿಲ್ಲ, ಬೇಕಾದರೆ ಹೋಗಿ ಕೇಳಿ.

ಅಮ್ಮ ಎದ್ದರು. ಅವರಿಗೆ ಮಂಡಿ ನೋವು, ಕುರ್ಚಿಯ ಕೈ ಹಿಡಿದು ಏಳಬೇಕು. ಹೆಬ್ಬಾಗಿಲ ಪಕ್ಕದ ಗೋಡೆಯಲ್ಲಿ ವಠಾರಕ್ಕೆಲ್ಲ ಗ್ಯಾಸ್ ಬರುವ ಮುಖ್ಯ ವಾಲ್ವ್ ಇದೆ. ಅದರ ಪುಟ್ಟ ಬಾಗಿಲು ತೆರೆದು, ಎರಡೂ ಕೈಯಿಂದ ಹಿಡಿಯನ್ನು ತಿರುಗಿಸಲು ನೋಡಿದರು. ಅದು ಬಿಗಿಯಾಗಿತ್ತು. ಅರಾಸೆಲಿ ಹೋಗಿ ಕೈ ಹಾಕಿದಳು, ಇಬ್ಬರೂ ಸೇರಿ ಮುಚ್ಚಿದರು. ಅಮ್ಮ ವಾಪಸು ಬಂದು, ತಾವು ಕೂತಿದ್ದ ಹುಲ್ಲಿನ ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ವಾಲ್ವಿಗೆ ಬೆನ್ನು ಕೊಟ್ಟು ಕೂತರು.

ಒಲ್ಮೇದೊ ಇದು ಕಾನೂನಿಗೆ ವಿರುದ್ಧ ಎಂದ. ಅಮ್ಮ ಹೌದೇನೋ ಎಂದರು. ನಿಮ್ಮನ್ನು ಎಬ್ಬಿಸಲು ಪೊಲೀಸರನ್ನು ಕರೆಸಬೇಕಾಗುತ್ತದೆ ಎಂದ. ಬರುವಾಗ ಹೊಸ ಪೈಪು ಹೊತ್ತುಕೊಂಡು ಬರಲು ಹೇಳು ಎಂದರು. ಸಭೆಗೆ ಬಂದಿದ್ದ ಪತ್ರಿಕೆಯವನು ಚಿತ್ರ ತೆಗೆಯಲು ಬಗ್ಗಿದ್ದೇ ಲೆಯಾಂದ್ರೊ ತಾನು ಚಿತ್ರದಲ್ಲಿ ಬೀಳದ ಹಾಗೆ ರೋಬೋದ ಮುಂದಿನಿಂದ ಸರಿದು ಪಕ್ಕಕ್ಕೆ ನಿಂತ.

ಅಷ್ಟರಲ್ಲಿ ಮೇಲೆ ಲೊರೇತೊಳ ಒಲೆ ಆರಿತ್ತು. ಅರ್ಧ ಬೆಂದ ಬೇಳೆಯ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡೇ ಅವಳು ಕೆಳಗಿಳಿದು ಬಂದಳು. ಗಂಡ ಮಕ್ಕಳಿಗೆ ಮಧ್ಯಾಹ್ನಕ್ಕೆ ಏನು ಹಾಕಲಿ, ನಿಮ್ಮ ಮನೆಯ ಜಗಳಕ್ಕೆ ನಮ್ಮ ಹೊಟ್ಟೆ ಯಾಕೆ ಉರಿಸುತ್ತೀರಿ, ತಾಯಿಗೆ ತಕ್ಕ ಮಗಳು ಎಂದು ಬಾಯಿಗೆ ಬಂದದ್ದನ್ನೆಲ್ಲ ಬೈದಳು. ಬಹಳ ಹೊತ್ತು ಬೈದಳು. ಯಾರೂ ತಡೆಯಲಿಲ್ಲ. ಅವಳಿಗೂ ಮೂರು ಮಕ್ಕಳಿದ್ದಾರೆ, ಅವಳ ಸಿಟ್ಟೂ ಸುಳ್ಳಲ್ಲ.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡರು. “ಬೈಯೇ, ಹೊಟ್ಟೆ ತುಂಬ ಬೈಯಿ,” ಎಂದರು. “ಆಮೇಲೆ ಹೋಗಿ ಒಂದು ಕುರ್ಚಿ ತಗೊಂಡು ಬಾ.”

ಲೊರೇತೊ ಬಿಸಿ ಪಾತ್ರೆಯನ್ನು ದೊಪ್ಪೆಂದು ಆ ಮೇಣದ ನೆಲದ ಮೇಲೆ ಕುಕ್ಕಿದಳು. ಬೈಯುತ್ತಲೇ ಮೆಟ್ಟಿಲು ಹತ್ತಿದಳು. ಬೈಯುತ್ತಲೇ ಕುರ್ಚಿ ಹೊತ್ತುಕೊಂಡು ಇಳಿದಳು.